ಗೇಜಕ್ಕ ಕೇಳಿದ ಇನ್ನೊಂದು ತುದಿ

ನಲ್ಲಿ ತಯಾರಿಸುವ ಆ ಸಣ್ಣ ಕಂಪನಿಯಲ್ಲಿ ಅವಳನ್ನು ಗೇಜಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಕಿಟಕಿ ಪಕ್ಕದ ಅದೇ ಮೇಜು, ಕೈಯಲ್ಲಿ ನಲ್ಲಿಯ ಅಳತೆ ನೋಡುವ ಅದೇ ಗೇಣುದ್ದದ ಉಕ್ಕಿನ ಗೇಜು. ಅದರ ಒಂದು ತುದಿ ನಲ್ಲಿಯ ಬಾಯೊಳಗೆ ಹೋಗಬೇಕು, ತುಸು ದಪ್ಪಗಿನ ಇನ್ನೊಂದು ತುದಿ ಹೋಗಕೂಡದು. ಹೋಯಿತೋ, ನಲ್ಲಿ ಗುಜರಿಗೆ.

ಸೇರಿದ ಹೊಸದರಲ್ಲಿ ಅವಳು ಒಂದೇ ತುದಿ ಹಾಕಿ, ಸಲೀಸಾಗಿ ಹೋಯಿತಲ್ಲ ಎಂದು ಮುನ್ನೂರು ನಲ್ಲಿ ಪಾಸು ಮಾಡಿದ್ದಳು. ಮೇಸ್ತ್ರಿ ಎಲ್ಲರೆದುರಿಗೇ ಅಷ್ಟನ್ನೂ ಅವಳ ಮುಂದೆ ಸುರಿದು, ಮೊದಲಿಂದ ನೋಡಿಸಿದರು. ಅತ್ತುಕೊಂಡೇ ನೋಡಿದಳು. ಆ ಅವಮಾನ ಹೊಟ್ಟೆಯಲ್ಲೇ ಉಳಿಯಿತು. ಅವರು ನಿವೃತ್ತರಾದ ದಿನವೂ ಅವಳು ನೆಟ್ಟಗೆ ಮಾತಾಡಿಸಲಿಲ್ಲ. ಹಟ ಅಂದರೆ ಅಂಥ ಹಟ!

ಹಣವಿಲ್ಲದೆ ಕೈ ಕಟ್ಟಿಹೋಗಿದ್ದ ಒಂದು ವರ್ಷ ಕಂಪನಿ ಸಂಬಳದ ಬದಲು ಕೆಲಸದವರಿಗೆ ಷೇರು ಕೊಟ್ಟಿತ್ತು. ಒಟ್ಟು ಸಾವಿರ ಷೇರಿನಲ್ಲಿ ಇವರೆಲ್ಲರದು ಸೇರಿ ನೂರು, ಹತ್ತರಲ್ಲೊಂದು ಪಾಲು. ಬೆವರು ಸುರಿಸಿದ್ದಕ್ಕೆ ಉಳಿದದ್ದು ಅದೊಂದೇ. ಈಗ ಹೊಸ ಯಂತ್ರಕ್ಕೆ ಹಣ ಬೇಕಾಯಿತು. ಒಬ್ಬ ಸಾಹುಕಾರ ಹತ್ತು ಲಕ್ಷ ಕೊಡಲು ಒಪ್ಪಿದ. ಬೇಕೆಂದಾಗ ಆ ಸಾಲವನ್ನು ಷೇರಾಗಿ ಬದಲಿಸಿಕೊಳ್ಳುವ ಹಕ್ಕು ಅವನದು. ಯಾವ ಬೆಲೆಗೆ? ಷೇರಿಗೆ ಎರಡು ಸಾವಿರ, ಇಲ್ಲವೇ ಆ ಹೊತ್ತಿನ ಬೆಲೆ, ಯಾವುದು ಕಡಿಮೆಯೋ ಅದು.

ಸಭೆಯಲ್ಲಿ ಲೆಕ್ಕಿಗರು ಇದನ್ನು ಓದಿದಾಗ, ಎರಡು ಸಾವಿರದ ಲೆಕ್ಕದಲ್ಲಿ ಅವನಿಗೆ ಹೋಗುವುದು ಐನೂರೇ ಷೇರು, ಪರವಾಗಿಲ್ಲವಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ಒಪ್ಪಿಗೆಗೆ ಕೈ ಎತ್ತಲು ಹೊರಟ ಗೇಜಕ್ಕ ಅರ್ಧಕ್ಕೇ ನಿಂತಳು.

"ಸಾರ್, ಬೆಲೆ ಮೇಲಕ್ಕೆ ಹೋದ್ರೆ ಎಲ್ಲಿ ನಿಲ್ಬೇಕು ಅಂತ ಬರ್ದಿದೆ. ಕೆಳಗೆ ಎಲ್ಲಿ ನಿಲ್ಬೇಕು ಅಂತ ಎಲ್ಲಿದೆ?"

ಲೆಕ್ಕಿಗರು ಕಾಗದ ಹಿಂದೆ ಮುಂದೆ ತಿರುವಿದರು. ಎಲ್ಲೂ ಇರಲಿಲ್ಲ. ಬೆಲೆ ನೂರಕ್ಕೆ ಕುಸಿದರೆ ಸಾಹುಕಾರನಿಗೆ ಹತ್ತು ಸಾವಿರ ಹೊಸ ಷೇರು! ಹನ್ನೊಂದು ಸಾವಿರದಲ್ಲಿ ಇವರ ನೂರು ಯಾವ ಮೂಲೆಗೆ? ಮಾಲೀಕರು ಒಳ್ಳೆಯ ಮನುಷ್ಯ, ಇದು ತಮಗೂ ಹೊಳೆದಿರಲಿಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡರು. ವಾರ ಪೂರ್ತಿ ಸಾಹುಕಾರನ ಜೊತೆ ಗುದ್ದಾಡಿ, ಸಾವಿರಕ್ಕಿಂತ ಕೆಳಗಿಳಿಯಕೂಡದು ಎಂದು ಬರೆಸಿಕೊಂಡು ಬಂದರು.

ಮರುವರ್ಷ ದೊಡ್ಡ ಗಿರಾಕಿ ಕೈಬಿಟ್ಟ, ಷೇರಿನ ಬೆಲೆ ನಾನ್ನೂರಕ್ಕೆ ಬಿತ್ತು. ಸಾಹುಕಾರ ಅದೇ ಹೊತ್ತಿಗೆ ಸಾಲ ಬದಲಿಸಿಕೊಂಡ, ಆದರೆ ಸಾವಿರದ ಬೆಲೆಗೆ. ಕೆಲಸದವರ ಪಾಲು ಇಪ್ಪತ್ತರಲ್ಲೊಂದಾಯಿತು. ಕರಗಿತು ನಿಜ, ಆ ಒಂದು ಸಾಲು ಇಲ್ಲದಿದ್ದರೆ ಮೂವತ್ತೈದರಲ್ಲೊಂದು ಆಗುತ್ತಿತ್ತು. ಯಂತ್ರ ಓಡುತ್ತಿತ್ತು, ಕೆಲಸ ಉಳಿದಿತ್ತು. ಎಲ್ಲರೂ ಗೇಜಕ್ಕನನ್ನು ಹೊಗಳಿದ್ದೇ ಹೊಗಳಿದ್ದು.

ಅವಳಿಗೆ ಮಾತ್ರ ಆ ಹೊಗಳಿಕೆ ಮೈಗೆ ಹತ್ತಲಿಲ್ಲ. ಭಾನುವಾರ ಬೆಳಿಗ್ಗೆ ಮೇಸ್ತ್ರಿಗಳ ಮನೆಗೆ ಹೋದಳು. ಕಣ್ಣು ಮಂಜಾಗಿದ್ದ ಅವರು ದನಿಯಿಂದಲೇ ಗುರುತು ಹಿಡಿದರು. ಅವಳು ನಡೆದದ್ದನ್ನೆಲ್ಲ ಹೇಳಿ, ಅವರು ಅಂದು ಆ ನಲ್ಲಿಗಳನ್ನು ಸುರಿಯದೆ ಹೋಗಿದ್ದರೆ ತಾನೂ ಸುಮ್ಮನೆ ಕೈ ಎತ್ತುತ್ತಿದ್ದೆ, ಅವರ ಋಣ ತೀರುವಂಥದ್ದಲ್ಲ ಎಂದಳು.

ಮೇಸ್ತ್ರಿ ತಡಕಾಡಿ ಪಕ್ಕದ ಕುರ್ಚಿಯನ್ನು ಅವಳತ್ತ ಸರಿಸಿದರು.

"ಅವತ್ತು ನನಗೆ ಊಟ ಸೇರ್ಲಿಲ್ಲ ಕಣಮ್ಮ," ಎಂದರು. "ಮಗು ಹಂಗೆ ಅಳ್ತಾ ಇತ್ತಲ್ಲ ಅಂತ."

ಗೇಜಕ್ಕ ಕುರ್ಚಿ ಬಿಟ್ಟು ಅವರ ಕಾಲ ಬಳಿ ಕುಳಿತಳು.

"ನಿಮ್ಮನ್ನೂ ನಾನು ಒಂದೇ ತುದಿ ಹಾಕಿ ನೋಡ್ಬಿಟ್ಟೆ, ಮೇಸ್ತ್ರಿಗಳೇ."