ಗಾಳಿಯಕ್ಕ ಸಹಿ ಹಾಕಲಿಲ್ಲ

ಕಲ್ಲು ಕ್ವಾರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗಾಳಿಯಕ್ಕ ಎಂದೇ. ಎಕ್ಸ್‌ಕವೇಟರ್, ಲೋಡರ್‌ಗಳ ರೇಡಿಯೇಟರಿಗೆ ಗಾಳಿ ಹೊಡೆದು ಧೂಳು ತೆಗೆಯುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ಎಂಜಿನ್ ತಣಿಯುವವರೆಗೆ ಕಾಯಬೇಕು. ಫ್ಯಾನಿನ ಕಡೆಯಿಂದ ಹೊರಕ್ಕೆ ಪೈಪು ಹಿಡಿಯಬೇಕು. ಕೊನೆಗೆ, ಬಾಚಣಿಗೆಯ ಹಲ್ಲಿನಂಥ ತೆಳು ತಗಡುಗಳ ಹಿಂದೆ ಟಾರ್ಚ್ ಹಿಡಿದು, ಬೆಳಕು ಈಚೆ ಬಂದರೆ ಮಾತ್ರ ಮುಗಿಯಿತು ಎನ್ನುತ್ತಿದ್ದಳು. ಅಷ್ಟರಲ್ಲಿ ಅವಳ ರೆಪ್ಪೆಗೂದಲೂ ಬೆಳ್ಳಗಾಗಿರುತ್ತಿತ್ತು. "ಹಿಟ್ಟಿನ ಗಿರಣಿಯಿಂದ ಬಂದ್ಯಾ ಅಕ್ಕಾ?" ಎಂದು ದೊಡ್ಡ ಎಕ್ಸ್‌ಕವೇಟರಿನ ಆಪರೇಟರ್ ರೇಗಿಸುತ್ತಿದ್ದ.

ಹೊಸದಾಗಿ ಬಂದ ಮ್ಯಾನೇಜರಿಗೆ ಈ ಕಾಯುವುದೇ ಕಣ್ಣಿಗೆ ಚುಚ್ಚಿತು. ರಭಸದಿಂದ ನೀರು ಚಿಮ್ಮುವ ವಾಷರ್ ತರಿಸಿ, "ಇನ್ಮೇಲೆ ಹತ್ತೇ ನಿಮಿಷ" ಎಂದ.

"ಸಾರ್, ಧೂಳಿಗೆ ನೀರು ಬಿದ್ರೆ ಕೆಸರಾಗಿ ಒಳಗೇ ಕೂತ್ಕೊಳ್ಳುತ್ತೆ. ಇಷ್ಟು ಜೋರಾಗಿ ಹೊಡೆದ್ರೆ ತಗಡೆಲ್ಲ ಮಡಚಿ ಹೋಗುತ್ತೆ."

"ಧೂಳು ಒರೆಸೋಳು ನನಗೆ ಪಾಠ ಹೇಳ್ಬೇಡ!"

ಅವಳನ್ನು ಆಫೀಸು ಗುಡಿಸುವ ಕೆಲಸಕ್ಕೆ ಹಾಕಿ, ವಾಷರನ್ನು ವಾಚ್‌ಮನ್ ಕೈಗೆ ಕೊಟ್ಟ.

ಮೂರನೇ ವಾರ, ನಡು ಮಧ್ಯಾಹ್ನ, ದೊಡ್ಡ ಎಕ್ಸ್‌ಕವೇಟರ್ ಕುದಿದು ಹೊಗೆಯಾಡಿತು. ಕುದಿನೀರು ಸಿಡಿದು, ಇಳಿದು ನೋಡಲು ಹೋದ ಆಪರೇಟರನ ಕೈ ಮೊಣಕೈವರೆಗೆ ಸುಟ್ಟಿತು. ಮರುದಿನ ಬೋರ್ಡಿನ ಮೇಲೆ ನೋಟಿಸು: ಸ್ವಚ್ಛತೆಯಲ್ಲಿ ನಿರ್ಲಕ್ಷ್ಯ. ಕೆಳಗೆ ಅವಳ ಹೆಸರು!

ಮೈಯೆಲ್ಲ ಉರಿದುಹೋಯಿತು. ನೋಟಿಸು ಕಿತ್ತುಕೊಂಡು ನೇರ ಮ್ಯಾನೇಜರನ ಮುಂದೆ ನಿಂತಳು.

"ಮೂರು ವಾರದಿಂದ ಪೈಪು ಮುಟ್ಟಿಲ್ಲ ನಾನು. ಕೆಲಸಾನೂ ಕಿತ್ಕೊಂಡು, ನನ್ನ ತಲೆ ಮೇಲೇ ಗೂಬೆ ಕೂರಿಸ್ತೀರಾ?"

"ರಿಜಿಸ್ಟರಲ್ಲಿ ಇನ್ನೂ ನಿನ್ನ ಹೆಸರೇ ಇದೆ. ಸುಮ್ನೆ ತಪ್ಪು ಒಪ್ಕೊಂಡು ಸಹಿ ಹಾಕು."

"ಸಹಿ ಆಮೇಲೆ. ಮೊದ್ಲು ರೇಡಿಯೇಟರ್ ಇಳಿಸಿ, ಎಲ್ರೂ ನೋಡ್ಲಿ."

ಮ್ಯಾನೇಜರ್ ಬೇಡವೆನ್ನುವಷ್ಟರಲ್ಲಿ ಮುದುಕ ಮೆಕ್ಯಾನಿಕ್ ಸ್ಪ್ಯಾನರ್ ಎತ್ತಿಕೊಂಡಿದ್ದ. ಕೆಲಸದವರೆಲ್ಲ ಬಂದು ಸುತ್ತ ನಿಂತರು. ಇಳಿಸಿ ನೋಡಿದರೆ ಅರ್ಧದಷ್ಟು ತಗಡು ಕಾಗದದಂತೆ ಮಲಗಿತ್ತು. ಉಳಿದದ್ದರ ಸಂದಿಯಲ್ಲಿ ಕೆಸರು ಸಿಮೆಂಟಿನಂತೆ ಗಟ್ಟಿಯಾಗಿತ್ತು. ಅವಳು ಹಿಂದಿನಿಂದ ಟಾರ್ಚ್ ಬಿಟ್ಟಳು. ಒಂದು ಎಳೆ ಬೆಳಕೂ ಬರಲಿಲ್ಲ.

"ಅಕ್ಕ ಗಾಳಿ ಹೊಡೆಯೋವಾಗ ನನ್ನ ಗಾಡಿ ಒಂದು ದಿನಾನೂ ಕುದಿದಿಲ್ಲ ಸಾರ್," ಎಂದ ಆಪರೇಟರ್, ಬ್ಯಾಂಡೇಜು ಸುತ್ತಿದ ಕೈ ಎತ್ತಿ. ವಾಚ್‌ಮನ್ ತಲೆ ತಗ್ಗಿಸಿದ. ಯಾರೂ ಕೆಲಸಕ್ಕೆ ಹೊರಡಲಿಲ್ಲ.

ಮ್ಯಾನೇಜರ್ ಮೊಬೈಲ್ ನೋಡುತ್ತ, ದೊಡ್ಡ ಉಪಕಾರ ಮಾಡುವವನಂತೆ, "ಆಯ್ತು, ನೋಟಿಸು ವಾಪಸ್. ನಾಳೆಯಿಂದ ನೀನೇ ಗಾಳಿ ಹೊಡಿ" ಎಂದ.

"ಬಾಯಿಮಾತು ಬೇಡ. ಎಲ್ಲಿ ನನ್ನ ಮಾನ ತೆಗೆದ್ರೋ ಅಲ್ಲೇ ಬರೆದು ಅಂಟಿಸಿ."

ಸಂಜೆಯೊಳಗೆ ಅಂಟಿಸಿದ: ಅವಳ ತಪ್ಪಿಲ್ಲ, ವಾಷರ್ ಬಳಸಬಾರದು, ಪ್ರತಿ ಯಂತ್ರಕ್ಕೂ ತಣಿಯಲು ದಿನಾ ಅರ್ಧ ಗಂಟೆ ಬಿಡುವು. ತಪ್ಪು ಯಾರದೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

"ಗೆದ್ದೆಯಲ್ಲಮ್ಮಾ, ಮತ್ಯಾಕೆ ಮುಖ ಗಂಟು?" ಎಂದು ಮನೆಯಲ್ಲಿ ಮಗಳು ಕೇಳಿದಳು.

ಗಾಳಿಯಕ್ಕ ತಟ್ಟೆ ಪಕ್ಕಕ್ಕೆ ತಳ್ಳಿದಳು. "ಸುಟ್ಟಿದ್ದು ಆ ಹುಡುಗನ ಕೈ ಕಣೇ. ನೋವು ಹೇಗಿದೆಯಪ್ಪಾ ಅಂತ ಆ ಮನುಷ್ಯ ಒಂದು ಮಾತೂ ಕೇಳಲಿಲ್ಲ."