ಏಳು ಹತ್ತೊಂಬತ್ತರ ಕಾವಲುಗಾತಿ

"ಮೂರು ಸಲ ಕಚ್ಚು ಅಂದಿದ್ದೆ. ಮೂರೇ ಸಲ. ನೀನು ನಾಲ್ಕು ಸಲ ಕಚ್ಚಿದ್ದೀಯ. ಕೊಡು ಇಲ್ಲಿ."

ಗುರುವಾರ. ಬೆಳಗಿನ ಏಳು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ದಕ್ಷಿಣ ಆಸ್ಟ್ರೇಲಿಯಾದ ಮುನ್ಯಾರಾ ಊರಿನ ರೈಲ್ವೆ ಬೀದಿಯಲ್ಲಿ ಅರೆಗತ್ತಲು. ಗ್ವೆಂಡಾ ನಿಚ್ಕೆ ನಾಯಕನಟನ ಕೈಯಿಂದ ಮಾಂಸದ ಪೈ ಕಿತ್ತುಕೊಂಡು, ಡಬ್ಬಿಯಿಂದ ಇನ್ನೊಂದು ಪೈ ತೆಗೆದು, ಸೋಮವಾರದ ಫೋಟೋ ಪಕ್ಕದಲ್ಲಿಟ್ಟುಕೊಂಡು, ಪುಟ್ಟ ಕತ್ತರಿಯಲ್ಲಿ ಅದರ ಅಂಚನ್ನು ಹಲ್ಲಿನ ಗುರುತಿನಂತೆ ಕತ್ತರಿಸುತ್ತಿದ್ದಾರೆ. ಟೊಮೆಟೊ ಸಾಸು ಎಡಗಡೆಗೆ ಸೋರಿರಬೇಕು. ಬಲಗಡೆಗೆ ಸೋರಿದರೆ ಅದು ಬೇರೆಯದೇ ಬೆಳಗು.

"ಐದು ಗಂಟೆಗೆ ಎಬ್ಬಿಸ್ತೀರಿ, ಹೊಟ್ಟೆ ಚುರುಗುಟ್ಟಲ್ವಾ?" ಎಂದು ನಟ ಕೋಸ್ಟಾ ಮವ್ರಿಡಿಸ್ ಗೊಣಗುತ್ತಾನೆ.

"ಹಸಿವಾದ್ರೆ ಬಾಳೆಹಣ್ಣು ತಿನ್ನು ಮಾರಾಯ. ಇದು ತಿನ್ನೋ ಪೈ ಅಲ್ಲ, ನೆನಪಿಟ್ಕೊಳ್ಳೋ ಪೈ."

ಸಿನಿಮಾ ಭಾಷೆಯಲ್ಲಿ ಈ ಕೆಲಸಕ್ಕೆ ಕಂಟಿನ್ಯೂಟಿ ಎನ್ನುತ್ತಾರೆ. ಒಂದೇ ದೃಶ್ಯವನ್ನು ಹತ್ತು ಸಲ, ಹತ್ತು ಕಡೆಯಿಂದ, ಹತ್ತು ದಿನ ತೆಗೆದರೂ ತೆರೆಯ ಮೇಲೆ ಅದು ಒಂದೇ ಕ್ಷಣವಾಗಿ ಕಾಣಬೇಕು. ಅಂಗಿಯ ಎರಡನೇ ಗುಂಡಿ ಬಿಚ್ಚಿತ್ತೋ ಹಾಕಿತ್ತೋ, ಚೀಲ ಯಾವ ಹೆಗಲಲ್ಲಿತ್ತು, ಗಡ್ಡ ಎಷ್ಟು ದಿನದ್ದು, ಇವೆಲ್ಲ ಒಬ್ಬರ ತಲೆಯಲ್ಲಿರಬೇಕು. ಆ ತಲೆ ಅರವತ್ತೊಂದು ವರ್ಷದ ಗ್ವೆಂಡಾ ಅವರದು. ಈ ತಿಂಗಳು ಅದು ಸಿಡಿದು ಹೋಗುವ ಹಂತದಲ್ಲಿದೆ.

ಏಕೆಂದರೆ ಇವರು ತೆಗೆಯುತ್ತಿರುವುದು ಕಾಲಯಾನದ ಸಿನಿಮಾ. ಹೆಸರು 'ಏಳು ಹತ್ತೊಂಬತ್ತು'. ರೈಲು ಅಪಘಾತದಲ್ಲಿ ತಮ್ಮನನ್ನು ಕಳೆದುಕೊಂಡವನೊಬ್ಬ ಯಂತ್ರವೊಂದರೊಳಗೆ ಕೂತು, ತಮ್ಮ ರೈಲಿಗೆ ಹೊರಟ ಬೆಳಗಿನ ಏಳು ಗಂಟೆ ಹತ್ತೊಂಬತ್ತು ನಿಮಿಷಕ್ಕೆ ಮತ್ತೆ ಮತ್ತೆ ಮರಳಿ ಬರುತ್ತಾನೆ. ಕಾಲಯಂತ್ರವೆಂದರೆ ಯಾರದೋ ಶೆಡ್ಡಿನಿಂದ ಹೊತ್ತು ತಂದ ಹಳೆಯ ಫ್ರೀಜರ್. ಅದರೊಳಗೆ ಇನ್ನೂ ಸಿಗಡಿಯ ನಾತ ಹೋಗಿಲ್ಲ. ಇಡೀ ತಂಡದಲ್ಲಿ ಹನ್ನೊಂದು ಜನ, ಅವರಲ್ಲಿ ಸಂಬಳದವರು ನಾಲ್ಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಸಿನಿಮಾದಲ್ಲಿ ಆ ಒಂದೇ ಬೆಳಗು ನಾಲ್ಕು ಸಲ ಬರುತ್ತದೆ. ಅದಕ್ಕೇ ಗ್ವೆಂಡಾ ಅವರ ಹತ್ತಿರ ನಾಲ್ಕು ಬಣ್ಣದ ನಾಲ್ಕು ನೋಟ್‌ಬುಕ್‌ಗಳಿವೆ. ನೀಲಿ ಬೆಳಗಿನಲ್ಲಿ ಕೋಸ್ಟಾನ ಹಣೆಯ ಮೇಲೆ ಗಾಯವಿಲ್ಲ. ಹಸಿರು ಬೆಳಗಿನಲ್ಲಿ ಹಸಿ ಗಾಯವಿದೆ. ಹಳದಿಯಲ್ಲಿ ಅದೇ ಗಾಯ ಒಣಗಿದೆ. ಕೆಂಪು ಬೆಳಗಿನಲ್ಲಿ ಬೀದಿಯ ಆಚೆ ನೀಲಿ ಬೆಳಗಿನ ಕೋಸ್ಟಾ ನಿಂತಿರುತ್ತಾನೆ, ಈಚೆ ಇವನು ನಿಂತು ಅವನನ್ನು ನೋಡುತ್ತಾನೆ. ಗ್ವೆಂಡಾ ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಫೋಟೋ ತೆಗೆಯುತ್ತಾರೆ, ನಲವತ್ತು ಪುಟ ಬರೆಯುತ್ತಾರೆ. ಕೂರಲು ಕುರ್ಚಿಯಿಲ್ಲ, ಬೋರಲು ಹಾಕಿದ ಹಾಲಿನ ಕ್ರೇಟಿದೆ.

"ಡೇಮಿಯನ್ ಇದ್ದಾನಲ್ಲ, ನಮ್ಮ ನಿರ್ದೇಶಕ, ಒಳ್ಳೇ ಹುಡುಗ. ಆದ್ರೆ ರಾತ್ರಿ ಮಲಗಿ ಎದ್ದ ಅಂದ್ರೆ ಕಥೆ ಬದಲಾಯ್ತು ಅಂತ್ಲೇ ಅರ್ಥ. ಮೊನ್ನೆ ಬಂದು, ಗಾಯ ಎಡಗಡೆ ಇರ್ಲಿ ಗ್ವೆಂಡಾ, ಭವಿಷ್ಯದಿಂದ ಬಂದವನಲ್ವಾ ಅಂದ. ಭವಿಷ್ಯದಿಂದ ಬಂದ್ರೆ ಹಣೆ ತಿರುಗುತ್ತೇನೋ ಅಂತ ಕೇಳ್ದೆ. ಯೋಚ್ನೆ ಮಾಡ್ತೀನಿ ಅಂದ. ಯೋಚ್ನೆ ಮಾಡ್ತಾನಂತೆ!"

ವರ್ಷದ ಉಳಿದ ದಿನಗಳಲ್ಲಿ ಗ್ವೆಂಡಾ ಪ್ರಾಥಮಿಕ ಶಾಲೆಯೊಂದರ ಗ್ರಂಥಾಲಯದಲ್ಲಿ ಮಕ್ಕಳು ಹರಿದ ಪುಸ್ತಕಗಳಿಗೆ ಅಂಟು ಹಾಕುತ್ತಾರೆ. ಮೂವತ್ತು ವರ್ಷದ ಹಿಂದೆ ಗೆಳತಿಯೊಬ್ಬಳ ಕಿರುಚಿತ್ರಕ್ಕೆ ಸ್ಯಾಂಡ್‌ವಿಚ್ ಮಾಡಿಕೊಡಲು ಹೋದವರು ಇವರು. ನಾಯಕಿ ಒಳಗೆ ಹೋದದ್ದು ಬಿಳಿ ಬೂಟಿನಲ್ಲಿ, ಹೊರಗೆ ಬಂದದ್ದು ಕಪ್ಪು ಬೂಟಿನಲ್ಲಿ ಎಂದು ಬೆಣ್ಣೆ ಸವರುತ್ತಲೇ ಹೇಳಿದರಂತೆ. ಅಂದಿನಿಂದ ಇಪ್ಪತ್ತೇಳು ಸಿನಿಮಾಗಳಾಗಿವೆ. ಹೆಚ್ಚಿನವನ್ನು ಯಾರೂ ನೋಡಿಲ್ಲ. ಮಂಡಿಗಳು ಹೋಗಿವೆ, ಕಣ್ಣು ಮಾತ್ರ ಹದ್ದಿನದು.

ಅಂಥ ಕಣ್ಣೂ ಒಮ್ಮೆ ತಪ್ಪಿದೆ. ಆ ಮಾತು ತೆಗೆದರೆ ಗ್ವೆಂಡಾ ಟೀ ಕೆಳಗಿಡುತ್ತಾರೆ.

"ಹನ್ನೊಂದು ವರ್ಷ ಆಯ್ತು. ಸಿನಿಮಾದಲ್ಲಿ ಅಪ್ಪ ಸಾಯ್ತಿದ್ದಾನೆ, ಮಗಳು ಮಂಚದ ಪಕ್ಕ ಅಳ್ತಿದ್ದಾಳೆ. ಒಂದು ಸಲ ತೋರಿಸಿದಾಗ ಅವಳ ಕುತ್ತಿಗೆಯಲ್ಲಿ ಸ್ಕಾರ್ಫ್ ಇದೆ, ಇನ್ನೊಂದು ಸಲಕ್ಕೆ ಇಲ್ಲ, ಮತ್ತೆ ಇದೆ. ನನ್ನ ಕಣ್ಣಿಗೆ ಬೀಳ್ಲಿಲ್ಲ. ಮೊದಲ ಪ್ರದರ್ಶನದಲ್ಲಿ ಯಾರೋ ಒಬ್ಬ ಕಿಸಕ್ಕಂದ, ಆಮೇಲೆ ಇಡೀ ಚಿತ್ರಮಂದಿರ ನಕ್ಕಿತು. ಆ ಹುಡುಗಿ ನಿಜವಾಗ್ಲೂ ಅತ್ತಿದ್ಳು. ಅವಳ ಸ್ವಂತ ಅಪ್ಪ ತೀರಿಹೋಗಿ ಎರಡು ತಿಂಗಳಾಗಿತ್ತು ಅಷ್ಟೇ. ನನ್ನ ಮುಂದಿನ ಸಾಲಲ್ಲೇ ಕೂತಿದ್ಳು. ನನ್ನಿಂದ ಜನ ಅವಳ ಅಳುವನ್ನ ನೋಡಿ ನಕ್ಕರು."

ಈ ಸಿನಿಮಾದಲ್ಲೂ ಅಂಥದೊಂದು ಕ್ಷಣವಿದೆ. ನಾಲ್ಕನೇ ಸಲ ಬಂದಾಗ ಅಣ್ಣ ತಮ್ಮನನ್ನು ತಡೆಯುವುದಿಲ್ಲ. ಬೀದಿಯ ಈಚೆ ಪೈ ಹಿಡಿದು ಸುಮ್ಮನೆ ನಿಂತು, ಅವನು ಸ್ಟೇಷನ್ನಿನೊಳಗೆ ಹೋಗುವುದನ್ನು ಕಣ್ತುಂಬ ನೋಡುತ್ತಾನೆ. ತಲೆಯ ಮೇಲೆ ಪುರಭವನದ ಗೋಪುರ, ಅದರಲ್ಲಿ ಊರಿನ ಗಡಿಯಾರ, ಅದರಲ್ಲಿ ಏಳು ಹತ್ತೊಂಬತ್ತು. ಈ ಕೊನೆಯ ದೃಶ್ಯವನ್ನು ತೆಗೆಯುವುದು ಭಾನುವಾರ ಬೆಳಗ್ಗೆ ಎಂದು ನಿಗದಿಯಾಗಿದೆ. ಅಂದು ಮಧ್ಯಾಹ್ನ ಕೋಸ್ಟಾ ಮೆಲ್ಬರ್ನಿಗೆ ಹೊರಡುತ್ತಾನೆ, ಸೋಮವಾರದಿಂದ ಅಲ್ಲಿ ನಾಟಕದ ತಾಲೀಮು.

ಈಗ ಕೇಳಿ. ಆ ಭಾನುವಾರ ಏಪ್ರಿಲ್ ತಿಂಗಳ ಮೊದಲ ಭಾನುವಾರ. ಬೇಸಿಗೆಯ ಲೆಕ್ಕ ಮುಗಿದು ಇಡೀ ದಕ್ಷಿಣ ಆಸ್ಟ್ರೇಲಿಯಾದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುವ ದಿನ. ಶನಿವಾರದವರೆಗೆ ಏಳೂಕಾಲರ ಸುಮಾರಿಗೆ ಮೂಡುವ ಬೆಳಕು ಭಾನುವಾರ ಆರೂಕಾಲಕ್ಕೇ ಮೂಡುತ್ತದೆ. ಆಗ ಗೋಪುರದ ಗಡಿಯಾರ ಆರು ಹತ್ತೊಂಬತ್ತು ತೋರಿಸುತ್ತದೆ. ಹುಟ್ಟಿದ ದಿನದಿಂದ ಪ್ರತಿ ವರ್ಷ ಗಡಿಯಾರ ತಿರುಗಿಸಿಕೊಂಡೇ ಬೆಳೆದ ಜನ, ಅದರಲ್ಲೂ ಕಾಲವನ್ನು ಹಿಂದಕ್ಕೆ ತಿರುಗಿಸುವ ಸಿನಿಮಾ ತೆಗೆಯಲು ಹೊರಟವರು, ಇದನ್ನೇ ಮರೆತಿದ್ದಾರೆ!

ಗ್ವೆಂಡಾ ಮರೆತಿಲ್ಲ. ಗುರುವಾರದ ವರದಿ ಹಾಳೆಯಲ್ಲೇ ಕೆಂಪು ಶಾಯಿಯಲ್ಲಿ ಬರೆದು, ಎರಡೆರಡು ಗೆರೆ ಎಳೆದು ಕೊಟ್ಟಿದ್ದಾರೆ: "ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ. ಶೂಟಿಂಗ್ ಮುಗಿಯುವವರೆಗೆ ಮುಟ್ಟಬೇಡಿ ಎಂದು ಗಡಿಯಾರದ ನೆವಿಲ್ ಅವರಿಗೆ ಮೊದಲೇ ಹೇಳಬೇಕು." ನಾನೇ ಹೇಳ್ತೀನಿ ಎಂದು ಡೇಮಿಯನ್ ಟ್ರೆವಾರ್ಥ ತಲೆಯಾಡಿಸಿದ. ಆ ಹಾಳೆಯನ್ನು ಮಡಚಿ ಕ್ಯಾಮೆರಾದ ಅಲುಗಾಡುವ ಕಾಲಿನ ಕೆಳಗಿಟ್ಟ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕನಿಷ್ಠಪಕ್ಷ ಕಿವಿಯನ್ನಾದರೂ ಅಲ್ಲಾಡಿಸುತ್ತದೆ.

ಶನಿವಾರ ಸಂಜೆ ಆರು ಗಂಟೆಗೆ ಡೇಮಿಯನ್ ಗೋಪುರ ನೋಡುತ್ತಾನೆ. ಅದರಲ್ಲಿ ಐದು ಗಂಟೆ. ಮುನ್ಯಾರಾದಲ್ಲಿ ಇದೊಂದು ರೂಢಿ. ಕಾನೂನಿನ ಪ್ರಕಾರ ಸಮಯ ಬದಲಾಗುವುದು ಭಾನುವಾರ ಬೆಳಗಿನ ಜಾವ ಮೂರಕ್ಕೆ. ಆದರೆ ಮೂರು ಗಂಟೆಗೆ ತೊಂಬತ್ತೆರಡು ಮೆಟ್ಟಿಲು ಹತ್ತಲು ತನಗೇನು ಹುಚ್ಚೇ ಎಂದು ಗಡಿಯಾರ ನೋಡಿಕೊಳ್ಳುವ ನೆವಿಲ್ ಪೆಂಗಿಲ್ಲಿ ಶನಿವಾರ ಸಂಜೆಯೇ ಆ ಕೆಲಸ ಮುಗಿಸಿಬಿಡುತ್ತಾರೆ. ಊರಿನ ಪಬ್ಬು ಅಂದು ಗೋಪುರದ ಸಮಯಕ್ಕೇ ಬಾಗಿಲು ಹಾಕುತ್ತದೆ, ಕುಡಿಯುವವರಿಗೆ ಒಂದು ಗಂಟೆ ಲಾಭ.

"ಗ್ವೆಂಡಾ, ಗಡಿಯಾರ ಕೆಟ್ಟೋಗಿದೆ!" ಎಂದು ಡೇಮಿಯನ್ ಓಡಿ ಬರುತ್ತಾನೆ.

"ಗಡಿಯಾರ ಸರಿಯಾಗೇ ಇದೆ. ಕೆಟ್ಟಿರೋದು ಬೇರೆ."

ಕಾರಣ ತಿಳಿದ ಮೇಲೆ ಅವನು, "ಹೋಗ್ಲಿ ಬಿಡಿ, ಆರು ಹತ್ತೊಂಬತ್ತೇ ಇರ್ಲಿ. ಯಾರು ನೋಡ್ತಾರೆ?" ಎನ್ನುತ್ತಾನೆ.

ಯಾರು ನೋಡ್ತಾರೆ! ಮೂವತ್ತು ವರ್ಷದಿಂದ ಗ್ವೆಂಡಾ ಗುದ್ದಾಡುತ್ತಿರುವುದೇ ಈ ಎರಡು ಪದಗಳ ಜೊತೆ. ಸಿನಿಮಾದ ಹೆಸರೇ ಏಳು ಹತ್ತೊಂಬತ್ತು. ಅಣ್ಣ ನೋಡುತ್ತಾ ನಿಂತಾಗ ತಲೆಯ ಮೇಲೆ ಆರು ಹತ್ತೊಂಬತ್ತು ಕಂಡರೆ ಜನ ಮತ್ತೆ ನಗುತ್ತಾರೆ. ಈಗ ತಪ್ಪಿದರೆ ಈ ಬೆಳಕಿನಲ್ಲಿ ಈ ಗಡಿಯಾರ ಏಳು ಹತ್ತೊಂಬತ್ತು ತೋರಿಸುವುದು ಇನ್ನು ಜೂನಿನ ಚಳಿಯಲ್ಲೇ. ಅಷ್ಟರಲ್ಲಿ ಕೋಸ್ಟಾ ಎಲ್ಲಿರುತ್ತಾನೋ, ಫ್ರೀಜರ್ ಎಲ್ಲಿರುತ್ತದೋ. ಅವರು ನಾಲ್ಕೂ ನೋಟ್‌ಬುಕ್ ಚೀಲಕ್ಕೆ ತುರುಕಿ ನೆವಿಲ್ ಮನೆಗೆ ನಡೆಯುತ್ತಾರೆ.

ಎಪ್ಪತ್ತನಾಲ್ಕರ ನೆವಿಲ್ ಪಾಸ್ಟಿ ಎಂಬ ಮಾಂಸದ ಕಡುಬು ತಿನ್ನುತ್ತಿದ್ದಾರೆ. ವಿಷಯ ಕೇಳಿ ಮುಳ್ಳುಚಮಚ ಕೆಳಗಿಡುತ್ತಾರೆ.

"ಗುರುವಾರ ಬಂದು ಹೇಳಿದ್ರೆ ಗಡಿಯಾರದ ಮುಳ್ಳನ್ನ ಮುಟ್ತಾನೇ ಇರ್ಲಿಲ್ಲ ಕಣಮ್ಮ."

"ಗುರುವಾರಾನೇ ಬರೆದು ಕೊಟ್ಟಿದ್ದೆ. ಅವರು ಓದ್ಲಿಲ್ಲ."

"ನಮ್ಮ ಪುರಸಭೇನೂ ಹಂಗೇ. ಆದ್ರೆ ಒಂದು ತಿಳ್ಕೋ. ಹಳೇ ಗಡಿಯಾರ, ಮುಳ್ಳು ಹಿಂದಕ್ಕೆ ತಿರುಗಿಸಿದ್ರೆ ಚಕ್ರದ ಹಲ್ಲು ಮುರಿಯುತ್ತೆ. ಹಿಂದಕ್ಕೆ ಹೋಗ್ಬೇಕಂದ್ರೆ ಒಂದೇ ದಾರಿ. ಲೋಲಕ ಹಿಡಿದು ನಿಲ್ಲಿಸಿ ಒಂದು ಗಂಟೆ ಕಾಯ್ತಾ ಕೂರೋದು. ಮೂವತ್ತೊಂದು ವರ್ಷದಿಂದ ವರ್ಷಕ್ಕೆ ಒಂದೇ ಸಲ ಕೂತಿದ್ದೀನಿ."

"ಮುಂದಕ್ಕೆ ಹೋಗುತ್ತಲ್ಲ?"

"ಹೋಗುತ್ತೆ. ಆಮೇಲೆ ಸರಿ ಮಾಡೋಕೆ ಮತ್ತೆ ಒಂದು ಗಂಟೆ ಯಾರು ಕೂರ್ತಾರೆ? ನಾಳೆ ಎಂಟಕ್ಕೆ ಚರ್ಚು. ಈ ಊರಿನ ಮುದುಕರು ಇನ್ನೂ ನನ್ನ ಗಂಟೆ ಕೇಳೇ ಹೊರಡೋದು. ನಿಮ್ಮ ಫ್ರೀಜರ್ ಸಿನಿಮಾಕ್ಕೆ ನಾನು ಸುಳ್ಳು ಗಂಟೆ ಹೊಡೀಲಾ? ಆಗಲ್ಲ ಹೋಗು."

ಗ್ವೆಂಡಾ ಹೋಗುವುದಿಲ್ಲ. ಊಟದ ಮೇಜಿನ ಮೇಲೆ ಕೆಂಪು ನೋಟ್‌ಬುಕ್ ತೆರೆದು ಬರೆಯುತ್ತಾರೆ. ಆರು ಹತ್ತಕ್ಕೆ ಮುಳ್ಳು ಒಂದು ಗಂಟೆ ಮುಂದಕ್ಕೆ. ಆರು ಹತ್ತೊಂಬತ್ತಕ್ಕೆ ದೃಶ್ಯ. ಆರು ಇಪ್ಪತ್ತಕ್ಕೆ ಲೋಲಕ ಹಿಡಿಯುವುದು, ಆಗ ಮುಳ್ಳು ಏಳು ಇಪ್ಪತ್ತರಲ್ಲಿರುತ್ತದೆ. ಒಂದು ಗಂಟೆ ಕಾದು ನಿಜವಾದ ಏಳು ಇಪ್ಪತ್ತಕ್ಕೆ ಬಿಡುವುದು. ಎಂಟರ ಗಂಟೆ ಎಂಟಕ್ಕೇ. ಹಾಳೆ ಹರಿದು ಕೊಡುತ್ತಾರೆ. ನೋಟ್‌ಬುಕ್ಕಿನಿಂದ ಹಾಳೆ ಹರಿದದ್ದು ಇದೇ ಮೊದಲು.

ನೆವಿಲ್ ಅದನ್ನು ಎರಡು ಸಲ ಓದುತ್ತಾರೆ. "ಲೆಕ್ಕ ಸರಿ ಇದೆ," ಎನ್ನುತ್ತಾರೆ ಮನಸ್ಸಿಲ್ಲದ ಮನಸ್ಸಿನಿಂದ. "ಆದ್ರೆ ಏಳು ದಾಟುವಾಗ ಗಂಟೆ ಹೊಡಿಯೋಕೆ ಬಿಡಲೇಬೇಕು. ಇಲ್ದಿದ್ರೆ ಅದರ ಎಣಿಕೆ ತಪ್ಪುತ್ತೆ. ಬೈಗುಳ ನೀನೇ ತಿನ್ನು. ಕಾಯೋಕೂ ನೀನೇ ಬಾ."

ಭಾನುವಾರ ಬೆಳಗಿನ ಆರು ಹತ್ತಕ್ಕೆ ಮುನ್ಯಾರಾದ ಗಡಿಯಾರ ಏಳು ಹೊಡೆಯುತ್ತದೆ. ಬೇಕರಿಯ ಮೇಲಿನ ಕಿಟಕಿಯಿಂದ ಒಂದು ತಲೆ ಹೊರಬಂದು ಗಡಿಯಾರಕ್ಕೂ ಸಿನಿಮಾಕ್ಕೂ ಸೇರಿಸಿ ಬೈದು ಒಳಹೋಗುತ್ತದೆ. ಆರು ಹದಿನೇಳಕ್ಕೆ ಚರ್ಚಿನ ಟೋಪಿ ತೊಟ್ಟ ಅಜ್ಜಿಯೊಬ್ಬಳು ಗಾಬರಿಯಿಂದ ಬೀದಿಗಿಳಿದು ನೇರ ಕ್ಯಾಮೆರಾದ ಕಣ್ಣಿಗೇ ನಡೆಯತೊಡಗುತ್ತಾಳೆ. ಗ್ವೆಂಡಾ ಮಂಡಿನೋವು ಮರೆತು ಓಡಿ, ಅವಳ ತೋಳು ಹಿಡಿದು ಕಾಲಯಂತ್ರದ ಹಿಂದೆ ನಿಲ್ಲಿಸುತ್ತಾರೆ. "ಎಂಥಾ ಸಿಗಡಿ ನಾತ ತಾಯಿ!" ಎಂದು ಅಜ್ಜಿ ಮೂಗು ಮುಚ್ಚಿಕೊಳ್ಳುತ್ತಾಳೆ.

ಆರು ಹತ್ತೊಂಬತ್ತು. ಗೋಪುರದಲ್ಲಿ ಏಳು ಹತ್ತೊಂಬತ್ತು. ತಮ್ಮ ಬೀದಿ ದಾಟುತ್ತಾನೆ. ಕೋಸ್ಟಾ ನೋಡುತ್ತಾ ನಿಲ್ಲುತ್ತಾನೆ, ಮೂರು ಸಲ ಕಚ್ಚಿದ ಪೈ ಅವನ ಕೈಯಲ್ಲಿ ಮೆಲ್ಲಗೆ ಬಾಗುತ್ತದೆ. ಅವನು ಅಳುವುದಿಲ್ಲ, ಅಳು ಬರುವ ಮುಂಚಿನ ಮುಖವೊಂದಿರುತ್ತದಲ್ಲ, ಅದು. ಡೇಮಿಯನ್ ಕಟ್ ಎನ್ನುತ್ತಾನೆ. ಗ್ವೆಂಡಾ ಪುಟ್ಟ ತೆರೆಯಲ್ಲಿ ಗುಂಡಿ, ಚೀಲ, ಗಾಯ, ಸಾಸು, ಗಡಿಯಾರ ನೋಡಿ, "ಸರಿ ಇದೆ" ಎಂದಷ್ಟೇ ಹೇಳಿ, ಮೇಲಕ್ಕೆ ಕೈ ಬೀಸುತ್ತಾರೆ. ನೆವಿಲ್ ಲೋಲಕ ಹಿಡಿಯುತ್ತಾರೆ.

ಕೊಟ್ಟ ಮಾತಿನಂತೆ ಗ್ವೆಂಡಾ ತೊಂಬತ್ತೆರಡು ಮೆಟ್ಟಿಲು ಹತ್ತುತ್ತಾರೆ. ನಿಂತ ಗಡಿಯಾರದ ಪಕ್ಕ ಇಬ್ಬರೂ ಫ್ಲಾಸ್ಕಿನ ಟೀ ಕುಡಿಯುತ್ತಾ ಸಮಯ ಬರುವುದನ್ನೇ ಕಾಯುತ್ತಾರೆ. ಏಳು ಇಪ್ಪತ್ತಕ್ಕೆ ನೆವಿಲ್ ಲೋಲಕವನ್ನು ಬಿಟ್ಟು, ಕೈಗಡಿಯಾರ ನೋಡಿ ತಲೆದೂಗುತ್ತಾರೆ. ಆಗ ಕೆಳಗಿನಿಂದ ಡೇಮಿಯನ್‌ನ ಕೂಗು ಕೇಳುತ್ತದೆ.

"ಗ್ವೆಂಡಾ! ಹೊಸದೊಂದು ಹೊಳೀತು! ತಮ್ಮ ಒಂದ್ಸಲ ತಿರುಗಿ ನೋಡಿದ್ರೆ ಹೇಗೆ? ಅದನ್ನ ಒಂದು ನಿಮಿಷ ಹಿಂದಕ್ಕೆ ತಿರುಗಿಸೋಕೆ ಹೇಳಿ!"

ನೆವಿಲ್ ಕಿಟಕಿಗೆ ಬಾಗಿ ಊರಿಗೆಲ್ಲ ಕೇಳುವಂತೆ, "ಹಿಂದಕ್ಕೆ ಹೋಗಲ್ಲ ಕಣೋ ಅದು!" ಎನ್ನುತ್ತಾರೆ.

ಗ್ವೆಂಡಾ ನಗುತ್ತಾರೆ. ಈ ಶೂಟಿಂಗಿನಲ್ಲಿ ಅವರು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಚಳಿಗಾಲದಲ್ಲಿ ಸಿನಿಮಾವನ್ನು ಇದೇ ಪುರಭವನದಲ್ಲಿ ತೋರಿಸುತ್ತಾರಂತೆ. ಅವತ್ತು ನಿಮ್ಮ ಬಗ್ಗೆ ನಾಲ್ಕು ಮಾತು ಆಡಿಸಬೇಕಲ್ಲವೇ ಎಂದು ಕೇಳಿದರೆ, ಅವರು ಕೆಂಪು ನೋಟ್‌ಬುಕ್ ಮುಚ್ಚಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ.

"ಏನೂ ಬೇಡ. ಜನ ಕಥೆ ಅರ್ಥವಾಗ್ಲಿಲ್ಲ ಅಂತ ಜಗಳ ಆಡ್ಲಿ. ಫ್ರೀಜರ್ ನೋಡಿ ನಗ್ಲಿ. ಡೇಮಿಯನ್‌ಗೆ ತಲೆ ಕೆಟ್ಟಿದೆ ಅನ್ಲಿ, ಅದು ನಿಜಾನೇ. ಆ ಹುಡುಗ ನಿಂತು ತಮ್ಮನ್ನ ನೋಡ್ತಾನಲ್ಲ, ಆಗ ಮಾತ್ರ ಒಬ್ಬನೂ ತಲೆ ಎತ್ತಿ ಗಡಿಯಾರ ನೋಡ್ಬಾರ್ದು."