ಭರಮು ಕಾಕಾನ ಗರಗಸ

ಭರಮು ಕಾಕಾ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ಅಂಥವರು ತಮ್ಮದೇ ಗರಗಸದ ಮಷೀನಿಗೆ ಅಂಜುತ್ತಿದ್ದರು ಎಂದರೆ ನಮ್ಮೂರು ಉಗಾರ ಬುದ್ರುಕದಲ್ಲಿ ಯಾರೂ ನಂಬುತ್ತಿರಲಿಲ್ಲ. ನಾನು ದಿನಾ ನೋಡುತ್ತಿದ್ದೆ. ಮಷೀನಿನ ಸ್ವಿಚ್ಚು, ಅಂದರೆ ಖಟಕಾ, ಒತ್ತುವ ಮೊದಲು ಕೊರಳಿನ ಟವೆಲ್ ತೆಗೆದಿಟ್ಟು, "ತಂಗಿ, ದೂರ ನಿಂದ್ರು" ಅನ್ನುವಾಗ ಅವರ ದನಿ ಒಣಗಿರುತ್ತಿತ್ತು.

ಅವರ ಶೆಡ್ಡಿನಲ್ಲಿ ಅಂಟು ಹಚ್ಚುವ ಕೆಲಸ ನನ್ನದು. ಕೆಡವಿದ ಹಳೇ ಮನೆಗಳ ಸಾಗುವಾನಿ ತೊಲೆ ತಂದು, ಪಟ್ಟಿ ಸೀಳಿ ಅಂಟಿಸುತ್ತಿದ್ದೆವು. ಒಣಗಿದ ಮೇಲೆ ಅಡ್ಡ ಕೊಯ್ದು, ತುಂಡುಗಳನ್ನು ಎಬ್ಬಿಸಿ ನಿಲ್ಲಿಸಿ ಮತ್ತೆ ಅಂಟಿಸಿದರೆ ಕೊಯ್ದ ತುದಿಗಳೇ ಮೇಲೆ ಬಂದು ಚೌಕಳಿ ಮಣೆಯಾಗುತ್ತಿತ್ತು. ಕೊಲ್ಹಾಪುರದ ಹೋಟೆಲಿನವರು ಕಾಯಿಪಲ್ಯ ಹೆಚ್ಚಲು ಒಯ್ಯುತ್ತಿದ್ದರು. "ನಿಂತ ಕಟಗಿ ಮ್ಯಾಲ ಚಾಕು ಲಗೂನ ಮೊಂಡ ಆಗೂದಿಲ್ರಿ" ಎಂದು ಕಾಕಾ ಅವರಿಗೆ ಹೇಳುತ್ತಿದ್ದರು.

ತೊಲೆಯೊಳಗೆ ಮೊಳೆ ಉಳಿದಿದ್ದರೆ ಎಂಬ ದಿಗಿಲು ಅವರಿಗೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ತೊಲೆಯ ಉದ್ದಕ್ಕೂ ಆಡಿಸುತ್ತಿದ್ದರು. "ಒಂದ ಮೊಳಿ ಸಾಕು ತಂಗಿ, ಬ್ಲೇಡ್ ಒಡದು ಮಾರಿಗೇ ಬರ್ತೈತಿ."

ಒಂದು ಮಧ್ಯಾಹ್ನ ಪಟ್ಟಿ ಅರ್ಧ ಸೀಳಿದಾಗ ಕರೆಂಟು ಹೋಯಿತು. ಬ್ಲೇಡಿನಲ್ಲಿ ಪಟ್ಟಿ ಕಚ್ಚಿಕೊಂಡಿತ್ತು. ಕಾಕಾ ಬಗ್ಗಿ, ಬ್ಲೇಡಿನ ಪಕ್ಕ ಕೈ ಹಾಕಿ ಸಿಬಿರು ಎಳೆಯತೊಡಗಿದರು. ನಾನು ತಿರುಗಿ ನೋಡಿದರೆ ಖಟಕಾ ಒತ್ತಿದ್ದು ಒತ್ತಿದಂತೇ ಇತ್ತು. ಕರೆಂಟು ಬಂದರೆ ಬ್ಲೇಡು ತಾನಾಗಿ ತಿರುಗುತ್ತಿತ್ತು. "ಕಾಕಾ, ಕೈ" ಎಂದೆ.

ಅವರು ಕೈ ಎಳೆದುಕೊಂಡರು, ಕರೆಂಟು ಬಂತು. ಪಟ್ಟಿ ಹಾರಿ, ಅವರ ಅಂಗಿ ಹರಿದು, ಹಿಂದಿನ ತಗಡಿನ ಗೋಡೆಯಲ್ಲಿ ನಾಟಿಕೊಂಡಿತು. ನಾನು ಓಡಿ ಮೇನ್ ಸ್ವಿಚ್ಚು ಇಳಿಸಿದೆ.

ಕಾಕಾ ಕಟ್ಟಿಗೆಯ ಪುಡಿಯಲ್ಲೇ ಕುಸಿದು ಕೂತರು. ಕೈಯನ್ನು ನನ್ನ ಮುಂದೆ ಚಾಚಿ, ಮುಖ ಆಚೆ ತಿರುಗಿಸಿದರು.

"ಎಲ್ಲಾ ಬಟ್ಟು ಅದಾವಿಲ್ಲೋ ನೋಡು ತಂಗಿ. ನನಗ ನೋಡಾಕ ಆಗವಲ್ದು."

"ಎಲ್ಲಾ ಅದಾವ್ರಿ ಕಾಕಾ."

ಆದರೂ ಬಹಳ ಹೊತ್ತು ಅವರು ಮುಖ ಈಚೆ ತಿರುಗಿಸಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅವರನ್ನು ನೋಡಿದ್ದೇ ಕಡೆಯ ಸಲ. ಆಮೇಲೆ ಅಥಣಿಯ ಮಗಳ ಮನೆಗೆ ಹೋದವರು ಅಲ್ಲೇ ತೀರಿಕೊಂಡರು. ಆ ಬೆಳಿಗ್ಗೆ ಶೆಡ್ಡಿನ ಹೊಸ್ತಿಲವರೆಗೆ ಬಂದು ನಿಂತಿದ್ದರು.

"ಬರ್ರಿ ಕಾಕಾ. ಇವತ್ತ ಬರೇ ಚೌಕಳಿ ಮಣಿಗೆ ಎಣ್ಣಿ ಹಚ್ಚೂನು, ಮಷೀನ್ ಬ್ಯಾಡ," ಎಂದೆ.

"ಒಳಗ ಬರಾಕ ಕಾಲ ಏಳವಲ್ದು ತಂಗಿ. ನೀನೂ ಮನಿಗೆ ಹೋಗು."

ರಸ್ತೆಯಲ್ಲಿ ಸಾಲಾಗಿ ನಿಂತ ಕಬ್ಬಿನ ಟ್ರ್ಯಾಲಿಗಳ ಪಕ್ಕ ಹಿಡಿದು ಕಾಕಾ ನಿಧಾನ ನಡೆದು ಹೋದರು. ಒಳಗೆ ಮಷೀನಿನ ಜೊತೆ ನಾನೊಬ್ಬಳೇ ಇದ್ದೇನೆಂದು ಆಗ ಹೊಳೆಯಿತು. ಕರೆಂಟು ಇರಲಿಲ್ಲ. ಆದರೂ ಬಾಗಿಲು ಎಳೆದುಕೊಂಡು ರಸ್ತೆಗೆ ಓಡಿಬಂದೆ.